ಮನೆಯ ಪಾಠ, ಊರ ಶಾಲೆ

ಮಕ್ಕಳಿಗೆ ಮನೆಯಲ್ಲಿಯೇ ಅಕ್ಷರಾಭ್ಯಾಸ ಮಾಡಿಸಿ, ಕೆಲವು ವರ್ಷ ತಾವೇ ಗುರುಸ್ಥಾನದಲ್ಲಿ ನಿಂತ ತಂದೆತಾಯಿಗಳಿಗೆ ಒಂದು ದಿನ ಈ ಪ್ರಶ್ನೆ ಎದುರಾಗದೆ ಇರದು: ಇನ್ನು ಇವರನ್ನು ಊರ ಸರಕಾರಿ ಶಾಲೆಗೆ ಕಳುಹಿಸಬೇಕೆ, ಬೇಡವೆ? ಕಳುಹಿಸಿದರೆ ಮನೆಯ ಸಂಸ್ಕಾರ ಕೆಟ್ಟೀತೆಂಬ ಭಯ. ಕಳುಹಿಸದಿದ್ದರೆ ಮಗು ಲೋಕವ್ಯವಹಾರವನ್ನರಿಯದೆ ಒಂಟಿಯಾದೀತೆಂಬ ಭಯ. ಇವೆರಡರ ನಡುವೆ ವಿವೇಕವು ಯಾವುದನ್ನು ಹಿಡಿಯಬೇಕು?

ಮನೆಯ ಪಾಠದ ಗುಣವನ್ನು ಮೊದಲು ಒಪ್ಪುವುದು ನ್ಯಾಯ. ಮನೆಯಲ್ಲಿ ಪಾಠವು ಮಗುವಿನ ನಡಿಗೆಯನ್ನು ಅನುಸರಿಸುತ್ತದೆ. ಶಾಲೆಯಲ್ಲಿ ಮಗುವೇ ಗಂಟೆಯ ನಾದವನ್ನು ಅನುಸರಿಸಬೇಕು. ಬಾಲ್ಯದಲ್ಲಿ ಶಾಲೆಗೆ ಬೇಸತ್ತಿದ್ದ ಕವಿ ರವೀಂದ್ರನಾಥ ಠಾಕೂರರು ತಮ್ಮ ಮಕ್ಕಳಿಗೆ ಶಿಲೈದಹದ ಮನೆಯಲ್ಲಿಯೇ ಪಾಠದ ಏರ್ಪಾಡು ಮಾಡಿದ್ದರು. ಆದರೆ 1901ರಲ್ಲಿ ಅವರು ಶಾಂತಿನಿಕೇತನದಲ್ಲಿ ಶಾಲೆಯನ್ನು ತೆರೆದಾಗ, ಮೊದಲ ಐವರು ವಿದ್ಯಾರ್ಥಿಗಳಲ್ಲಿ ಅವರ ಮಗ ರಥೀಂದ್ರನಾಥನೂ ಒಬ್ಬನಾಗಿದ್ದನು. ಶಾಲೆಯ ದೋಷವನ್ನು ಬಲ್ಲವರೇ ಮಗನನ್ನು ಸಹಪಾಠಿಗಳ ನಡುವೆ ಕುಳ್ಳಿರಿಸಿದರು. ಹೊಸ ಶಾಲೆಯನ್ನೇ ಕಟ್ಟುವ ಶಕ್ತಿ ಎಲ್ಲ ಗೃಹಸ್ಥರಿಗಿಲ್ಲ. ಊರಲ್ಲಿರುವ ಶಾಲೆಯನ್ನು ಕುರಿತೇ ಅವರು ನಿರ್ಧರಿಸಬೇಕು.

ಮನೆಯು ಎಷ್ಟು ಪ್ರಯತ್ನಿಸಿದರೂ ಕೊಡಲಾರದ ಒಂದು ವಸ್ತುವುಂಟು. ಮನೆಗೆ ಬರುವವರನ್ನು ಹಿರಿಯರು ಆರಿಸುತ್ತಾರೆ. ಊರ ಶಾಲೆಯಲ್ಲಿ ಪಕ್ಕದಲ್ಲಿ ಕುಳಿತುಕೊಳ್ಳುವವನನ್ನು ಯಾರೂ ಆರಿಸಿರುವುದಿಲ್ಲ. ಹನ್ನೆರಡನೆಯ ಶತಮಾನದ ಕಲ್ಯಾಣದಲ್ಲಿ ಹಗ್ಗ ಹೊಸೆಯುವ ನುಲಿಯ ಚಂದಯ್ಯ, ದೋಣಿ ನಡೆಸುವ ಅಂಬಿಗರ ಚೌಡಯ್ಯ, ಭಂಡಾರಿ ಬಸವಣ್ಣ ಇವರು ಒಂದೇ ಶರಣಗೋಷ್ಠಿಗೆ ಸೇರಿದವರು. ಆ ಸಮತೆಯನ್ನು ಮಗುವಿಗೆ ಬಾಯಿಪಾಠವಾಗಿ ಕಲಿಸಬಹುದು. ಆದರೆ ಅದು ನಡೆಯಾಗಬೇಕಾದರೆ ಜೊತೆಯಲ್ಲಿ ಕುಳಿತುಕೊಳ್ಳುವವನೊಬ್ಬನು ಬೇಕು. ಕರ್ನಾಟಕ ಸರಕಾರವು 2002ರಲ್ಲಿ ಆರಂಭಿಸಿದ ಶಾಲೆಯ ಮಧ್ಯಾಹ್ನದ ಊಟಕ್ಕೆ ‘ಅಕ್ಷರ ದಾಸೋಹ’ ಎಂಬ ಹೆಸರಿದೆ. ಆ ಪಂಕ್ತಿಯಲ್ಲಿ ಕೂಲಿಯವನ ಮಗುವಿನೊಡನೆ ಉಂಡ ಮಗು ಮನೆಯಲ್ಲಿ ಕೇಳಿದ ತತ್ತ್ವದ ಅರ್ಥವನ್ನು ಅಲ್ಲಿ ಕಾಣುತ್ತದೆ. ಆದುದರಿಂದ ‘ಸಂಸ್ಕಾರ ಕೆಟ್ಟೀತು’ ಎನ್ನುವವರು ತಮ್ಮ ಮನಸ್ಸನ್ನೊಮ್ಮೆ ಶೋಧಿಸಿಕೊಳ್ಳಬೇಕು. ಆ ಮಾತಿನೊಳಗೆ ಕೆಲವೊಮ್ಮೆ ಕುಲದ, ಧನದ ಅಭಿಮಾನವೇ ಅಡಗಿರುತ್ತದೆ. ಅಂತಹ ಅಭಿಮಾನದಿಂದ ಮಗುವನ್ನು ಮನೆಯಲ್ಲಿ ಇರಿಸಿಕೊಂಡರೆ, ಕಾಪಾಡಿದುದು ಸಂಸ್ಕಾರವನ್ನಲ್ಲ.

ಹಾಗೆಂದು ಅವಸರವೂ ಸಲ್ಲದು. ಮಗು ರೋಗದಿಂದ ಬಳಲಿದ್ದರೆ, ಅಥವಾ ಆ ಶಾಲೆಯಲ್ಲಿ ಪಾಠವೇ ನಡೆಯದಿದ್ದರೆ, ಕಾಯುವುದು ತಪ್ಪಲ್ಲ. ಕಾಲ ಮೀರಿತೆಂಬ ಅಂಜಿಕೆ ಮಾತ್ರ ಬೇಡ. 2009ರ ಶಿಕ್ಷಣ ಹಕ್ಕಿನ ಅಧಿನಿಯಮವು 2010ರ ಏಪ್ರಿಲ್ 1ರಿಂದ ಜಾರಿಯಲ್ಲಿದೆ. ಅದರಂತೆ ಶಾಲೆಗೆ ಸೇರದಿರುವ, ಆರು ವರ್ಷ ದಾಟಿದ ಮಗುವನ್ನು ಅದರ ವಯಸ್ಸಿಗೆ ತಕ್ಕ ತರಗತಿಗೆ ಸೇರಿಸಿಕೊಳ್ಳಬೇಕು. ಸರಿಸಮಾನವಾಗಲು ಅದಕ್ಕೆ ವಿಶೇಷ ತರಬೇತಿಯ ಹಕ್ಕೂ ಉಂಟು. ವಯಸ್ಸಿನ ಪುರಾವೆ ಇಲ್ಲವೆಂಬ ಕಾರಣದಿಂದ ಪ್ರವೇಶವನ್ನು ನಿರಾಕರಿಸುವಂತಿಲ್ಲ.

ಶಾಲೆಗೆ ಸೇರಿಸಿದಾಕ್ಷಣ ಮನೆಯ ಗುರುತ್ವ ಮುಗಿಯಿತೆಂದು ತಿಳಿಯಬಾರದು. ಶಾಲೆಯಿಂದ ಮಗು ಒರಟು ಮಾತನ್ನೂ ತಂದೀತು, ಒಳ್ಳೆಯ ಗೆಳೆತನವನ್ನೂ ತಂದೀತು. ಜೊಳ್ಳನ್ನು ತೂರಿ ಕಾಳನ್ನು ಉಳಿಸುವ ಮೊರ ಮನೆಯಲ್ಲಿಯೇ ಇರತಕ್ಕದ್ದು. ಸಂಜೆ ಮರಳಿ ಬಂದ ಮಗುವನ್ನು ಎಷ್ಟು ಅಂಕ ಬಂದಿತೆಂದು ಕೇಳುವುದಕ್ಕೆ ಮೊದಲು, ಪಕ್ಕದಲ್ಲಿ ಕುಳಿತವರು ಯಾರು, ಅವರಿಗೆ ನೀನೇನು ಕೊಟ್ಟೆ, ಅವರಿಂದ ನೀನೇನು ಪಡೆದೆ ಎಂದು ಕೇಳುವ ತಂದೆತಾಯಿಗಳ ಮಕ್ಕಳಿಗೆ ಶಾಲೆಯೂ ಮನೆಯೂ ಬೇರೆಯಾಗಿ ಉಳಿಯುವುದಿಲ್ಲ.