ಇಳಿಜಾರಿನ ಕೊನೆಗೊಂದು ಕೆರೆ

ಹಾಸನ ಜಿಲ್ಲೆಯ ಒಳದಾರಿಗಳಲ್ಲಿ ಸೈಕಲ್ ತುಳಿದವರಿಗೆ ಒಂದು ಸಂಗತಿ ತಲೆಗಿಂತ ಮೊದಲು ಕಾಲಿಗೆ ತಿಳಿಯುತ್ತದೆ. ಇಳಿಜಾರು ಸಿಕ್ಕಿತೋ, ಅದರ ಕೊನೆಗೊಂದು ಕೆರೆ. ಕೆರೆ ಸಿಕ್ಕಿತೋ, ಏರಿ ದಾಟಿದರೆ ಊರು. ಊರು ಹಳೆಯದಾದರೆ ಗುಡಿ. ಗುಡಿ ನೋಡಿ ಹೊರಬಿದ್ದರೆ ಮತ್ತೆ ಏರು, ಅದಂತೂ ತಪ್ಪಿದ್ದಲ್ಲ.

*

ಬೇಲೂರಿಂದ ಹಳೇಬೀಡಿಗೆ 16 ಕಿಲೋಮೀಟರು. ರಸ್ತೆ ಮಟ್ಟಸವಾಗಿದೆ ಅನ್ನುವುದು ಕಾರಿನವರ ಅಭಿಪ್ರಾಯ. ನನ್ನ ತೊಡೆಗಳನ್ನು ಯಾರೂ ಕೇಳಿಲ್ಲ.

*

ಕನ್ನಡದಲ್ಲಿ ಸೈಕಲ್ಲನ್ನು ಹೊಡೆಯುತ್ತೇವೆ, ಇಲ್ಲವೇ ತುಳಿಯುತ್ತೇವೆ. ಒಂದು ಎತ್ತಿನ ಗಾಡಿಯಿಂದ ಬಂದ ಮಾತು. ಇನ್ನೊಂದು ಒಕ್ಕಣೆಯ ಕಣದಿಂದಲೋ ಗೋಡೆಮಣ್ಣಿನ ಗುಂಡಿಯಿಂದಲೋ ಬಂದಿರಬೇಕು. ‘ಸೈಕಲ್ ಸವಾರಿ’ ಅನ್ನುವುದು ಪತ್ರಿಕೆಯ ಕನ್ನಡ. ಸವಾರ ಅಂದರೆ ಕುದುರೆಯ ಮೇಲೆ ಸುಮ್ಮನೆ ಕೂತವನು. ಇಲ್ಲಿ ಕೂತವನೂ ನೀವೇ, ಏದುಸಿರು ಬಿಡುವ ಕುದುರೆಯೂ ನೀವೇ.

*

ಹಾಸನ–ಬೇಲೂರು ರಸ್ತೆ ಬಿಟ್ಟು ಒಳಕ್ಕೆ ತಿರುಗಿ ದೊಡ್ಡಗದ್ದವಳ್ಳಿಗೆ ಹೋಗುವಾಗ ತೆಂಗಿನ ಮರಗಳ ಸಂದಿಯಲ್ಲಿ ಮೊದಲು ಕಾಣುವುದು ನೀರು, ಆಮೇಲೆ ಶಿಖರಗಳು. ಒಂದಲ್ಲ, ಒಂದು ಗುಂಪು. ನಾಲ್ಕು ಗರ್ಭಗುಡಿಗಳ ಲಕ್ಷ್ಮೀದೇವಿ ದೇವಸ್ಥಾನ ಇದು. ಹೊಯ್ಸಳರಲ್ಲಿ ಇಂಥ ಚತುಷ್ಕೂಟ ಅಪರೂಪ. ವಿಷ್ಣುವರ್ಧನ ಆಳುತ್ತಿದ್ದಾಗ, 1114ರ ಸುಮಾರಿಗೆ, ಕುಲ್ಲಹಣ ರಾಹುತ ಎಂಬ ವರ್ತಕನೂ ಅವನ ಹೆಂಡತಿ ಸಹಜಾದೇವಿಯೂ ಕಟ್ಟಿಸಿದರು. ದೊರೆಯಲ್ಲ, ದಂಡನಾಯಕನಲ್ಲ, ವ್ಯಾಪಾರದ ಗಂಡಹೆಂಡತಿ. ಲಕ್ಷ್ಮಿಗೆ ಕಟ್ಟಿಸಿದ್ದು ಅರ್ಥವಾಗುತ್ತದೆ. ಅದೇ ಸೂರಿನಡಿ ಕಾಳಿಯನ್ನೂ ಕೂರಿಸಿ, ಅವಳ ಬಾಗಿಲಿಗೆ ಪಕ್ಕೆಲುಬು ಎಣಿಸಬಹುದಾದ ಎರಡು ಬೇತಾಳಗಳನ್ನು ನಿಲ್ಲಿಸಿದ್ದಾರಲ್ಲ, ಅದು ಲಾಭ ನಷ್ಟ ಎರಡನ್ನೂ ಕಂಡವರ ಕೆಲಸ ಅಂತ ನನ್ನ ಅನುಮಾನ.

*

ಸೈಕಲ್ಲಿನ ತೂಕ ನೂರು ಗ್ರಾಂ ಇಳಿಸಲು ಸಾವಿರಗಟ್ಟಲೆ ಸುರಿಯುವವನು ನಾನು. ಆದರೂ ಹ್ಯಾಂಡಲ್ ಚೀಲದಲ್ಲಿ ಒಂದು ಪಂಚೆ ಇದ್ದೇ ಇರುತ್ತದೆ. ಮೈಗಂಟಿದ ಲೈಕ್ರಾ ಚಡ್ಡಿಯಲ್ಲಿ ಗರ್ಭಗುಡಿಯೆದುರು ನಿಂತಾಗ ಅರ್ಚಕರು ನನ್ನ ಕಡೆ ತಿರುಗಲೂ ಆಗದೆ, ತಿರುಗದೆ ಮಂಗಳಾರತಿ ಕೊಡಲೂ ಆಗದೆ ಪಟ್ಟ ಪಾಡನ್ನು ಒಮ್ಮೆ ಕಂಡಿದ್ದೇನೆ.

*

ಬಳಪದ ಕಲ್ಲು ನೆಲದಿಂದ ಎತ್ತಿದಾಗ ಮೆತ್ತಗಿರುತ್ತದೆ. ಗಾಳಿ ಬಿಸಿಲಿಗೆ ಬಿದ್ದಂತೆ ಗಟ್ಟಿಯಾಗುತ್ತದೆ. ಸೈಕಲ್ಲಿನ ಸೀಟಿಗೆ ತಾಗುವ ಅಂಗಕ್ಕೂ ಇದೇ ನಿಯಮ.

*

ನಾಯಿ ಅಟ್ಟಿಸಿಕೊಂಡು ಬರುವುದು ತಿರುಗುವ ಕಾಲನ್ನು. ಇಳಿದು ನಿಂತುಬಿಟ್ಟರೆ ಮುಂದೇನು ಮಾಡಬೇಕೆಂದು ಅದಕ್ಕೂ ಗೊತ್ತಿರುವುದಿಲ್ಲ.

*

ವೀರಗಲ್ಲುಗಳು ಊರ ಬಾಗಿಲಲ್ಲೇ ಇರುತ್ತವೆ. ಬಸ್‌ಸ್ಟಾಪಿನ ಹಿಂದೆ ಒರಗಿ, ಅರ್ಧ ಹೂತು. ಕೆಳಗಿನ ಪಟ್ಟಿಕೆಯಲ್ಲಿ ಕಾದಾಟ, ನಡುವೆ ಅಪ್ಸರೆಯರು ಎತ್ತಿಕೊಂಡು ಹೋಗುವುದು, ಮೇಲೆ ದೇವರ ಸನ್ನಿಧಿ. ಕೆಳಗಿನಿಂದ ಮೇಲಕ್ಕೆ ಓದಬೇಕಾದ ಕಥೆ. ಎಷ್ಟೋ ಕಲ್ಲುಗಳಲ್ಲಿ ಕಾದಾಟದ ಪಕ್ಕ ಹಸುಗಳ ಸಾಲಿರುತ್ತದೆ: ತುರು ಹೊಡೆದುಕೊಂಡು ಹೋಗಲು ಬಂದವರನ್ನು ತಡೆದು ಸತ್ತವನು ಇವನು. ಅಂಥದೊಂದು ಕಲ್ಲಿನ ಪಕ್ಕದಲ್ಲೇ ಹಾಲಿನ ಡೇರಿ. ಬೆಳಗ್ಗೆ ಏಳರ ಹೊತ್ತು, ಹೆಂಗಸರು ಕ್ಯಾನು ಹಿಡಿದು ಸಾಲುಗಟ್ಟಿದ್ದರು. ಒಬ್ಬಾಕೆ ತನ್ನ ಸರದಿ ಬರುವ ತನಕ ಕ್ಯಾನಿನ ಮುಚ್ಚಳವನ್ನು ವೀರನ ನೆತ್ತಿಯ ಮೇಲಿಟ್ಟಿದ್ದಳು. ಯಾರೂ ಯೋಚಿಸಿ ಮಾಡಿದ್ದಲ್ಲ.

*

ರಸ್ತೆಯ ಹಂಪು ಈ ಕಾಲದ ವೀರಗಲ್ಲು. ಒಂದು ಅಪಘಾತವಾಗದೆ ಯಾವ ಊರೂ ಅದನ್ನು ಹಾಕಿಸುವುದಿಲ್ಲ. ಬಣ್ಣ ಬಳಿಯುವುದು ಎರಡನೆಯದಾದ ಮೇಲೆ.

*

ಆಷಾಢದಲ್ಲಿ ಬೇಲೂರಿಂದ ಪೂರ್ವಕ್ಕೆ, ಅರಸೀಕೆರೆ ದಿಕ್ಕಿಗೆ ಹೊರಟವನು ತಾನು ಭಾರೀ ಬಲಶಾಲಿ ಅಂದುಕೊಳ್ಳುತ್ತಾನೆ. ಪಡುವಣ ಗಾಳಿ ಬೆನ್ನಿಗಿದೆ ಅಂತ ಗೊತ್ತೇ ಆಗುವುದಿಲ್ಲ. ಇವತ್ತು ಕಾಲು ಚೆನ್ನಾಗಿದೆ ಅನ್ನಿಸುತ್ತದೆ, ಅಷ್ಟೆ. ಮರಳುವಾಗ ಲೆಕ್ಕ ಶುರು. ಗಾಳಿಯ ತಡೆ ವೇಗದ ವರ್ಗಕ್ಕೆ ತಕ್ಕಂತೆ ಏರುತ್ತದೆ. ಆ ತಡೆಯೊಂದನ್ನೇ ಹಿಡಿದರೂ ವೇಗ ಇಮ್ಮಡಿಯಾಗಲು ಎಂಟು ಪಟ್ಟು ಶಕ್ತಿ ಬೇಕು. ಎದುರುಗಾಳಿಗೆ ಮಾತ್ರ ಹೆಸರಿಡುತ್ತೇವೆ. ಬೆನ್ನಗಾಳಿಯನ್ನು ನಮ್ಮ ಖಾತೆಗೆ ಜಮೆ ಮಾಡಿಕೊಳ್ಳುತ್ತೇವೆ.

*

ಬೆಳಗ್ಗೆ ಬೇಲೂರಲ್ಲಿ ಕಾಫಿ ತೋಟದ ತಂಪು. ಹತ್ತು ಗಂಟೆಗೆ ಆಲೂಗಡ್ಡೆ, ಮುಸುಕಿನ ಜೋಳ, ರಾಗಿ. ಅರಸೀಕೆರೆ ಹತ್ತಿರ ಬಂದಂತೆ ತೆಂಗು ಮತ್ತು ದೂಳು. ಮಲೆನಾಡು ಎಲ್ಲಿಗೆ ಮುಗಿಯಿತು ಅಂತ ಗೆರೆ ಎಳೆಯುವುದು ಭೂಗೋಳದ ಮೇಷ್ಟ್ರ ಕೆಲಸ. ನನಗದು ನೀರಿನ ಬಾಟಲಿಯಲ್ಲಿ ತಿಳಿಯುತ್ತದೆ. ಮೊದಲ 30 ಕಿಲೋಮೀಟರಿಗೆ ಒಂದು, ಮುಂದಿನ 30ಕ್ಕೆ ಮೂರು.

*

ದೋರಸಮುದ್ರ ಅನ್ನುವುದು ಕೆರೆಯಿಂದ ಊರಿಗೆ ಬಂದ ಹೆಸರು. 1311ರಲ್ಲಿ ಮಲಿಕ್ ಕಾಫೂರನ ದಂಡು ಬಂತು. ಕೊನೆಗೆ ಉಳಿದ ಹೆಸರು ಹಳೇಬೀಡು. ತನ್ನ ಕಾಲ ಮುಗಿಯಿತೆಂದು ಹೆಸರಿನಲ್ಲೇ ಒಪ್ಪಿಕೊಂಡ ರಾಜಧಾನಿ. ಕೆರೆ ಮಾತ್ರ ಅಲ್ಲೇ ಇದೆ, ಹಳತು ಹೊಸತು ಏನೂ ಅನ್ನಿಸಿಕೊಳ್ಳದೆ.

2023ರಲ್ಲಿ ಬೇಲೂರು, ಹಳೇಬೀಡು, ಸೋಮನಾಥಪುರ ಯುನೆಸ್ಕೊ ಪಟ್ಟಿ ಸೇರಿದವು. ಪಟ್ಟಿ ಸೇರದ್ದರ ಸುಖ ಬೇರೆ. ಪಕ್ಕದ ಹುಲಿಕೆರೆಯ ಕಲ್ಯಾಣಿಯ ಮೆಟ್ಟಿಲ ಮೇಲೆ ಅರ್ಧ ಗಂಟೆ ಕೂತೆ. ಫೋಟೊಗೆ ಅಡ್ಡ ಬಂದಿರಿ ಅಂತ ಯಾರೂ ಏಳಿಸಲಿಲ್ಲ.

*

ಬೆಳವಾಡಿಯವರು ತಮ್ಮೂರೇ ಮಹಾಭಾರತದ ಏಕಚಕ್ರನಗರ ಅನ್ನುತ್ತಾರೆ, ಬಕಾಸುರನಿಗೆ ಬಂಡಿಗಟ್ಟಲೆ ಅನ್ನ ಹೋಗುತ್ತಿದ್ದ ಊರು. ಭೀಮ ಆ ಅನ್ನವನ್ನು ದಾರಿಯಲ್ಲಿ ತಾನೇ ಉಂಡ. ದೂರ ತುಳಿಯುವವನ ಮೊದಲ ನಿಯಮ ಇದೇ: ಕಾದಾಟಕ್ಕೆ ಮುಂಚೆ ತಿನ್ನು, ಹಸಿವಾಗುವ ಮೊದಲೇ ತಿನ್ನು. ಮೈಯಲ್ಲಿ ಕೂಡಿಟ್ಟ ಗ್ಲೈಕೋಜನ್ ಜೋರಾಗಿ ತುಳಿದರೆ ಎರಡು ಗಂಟೆಯ ಆಸುಪಾಸಿಗೆ ಬರಿದಾಗುತ್ತದೆ. ಆಮೇಲೆ ಕಣ್ಣಿಗೆ ಕತ್ತಲು, ಕೈನಡುಕ, ಕಾರಣವಿಲ್ಲದ ಸಿಟ್ಟು.

ಆ ಸ್ಥಿತಿಯಲ್ಲೇ ನಾನು ವೀರನಾರಾಯಣನ ಗುಡಿಯ ಮುಂದೆ ಇಳಿದಿದ್ದು. ಸುಮಾರು 1200ರಲ್ಲಿ, ಎರಡನೆಯ ವೀರಬಲ್ಲಾಳನ ಕಾಲದಲ್ಲಿ ಎದ್ದ ಗುಡಿ. ಆದರೆ ನಾನು ಮೊದಲು ನೋಡಿದ್ದು ಪೆಟ್ಟಿಗೆ ಅಂಗಡಿಯ ಬಾಳೆಗೊನೆ. ನಾಲ್ಕು ಪಚ್ಚಬಾಳೆ, ಎರಡು ಕಡಲೆಮಿಠಾಯಿ, ಒಂದು ಸೋಡಾ. ಹೊಟ್ಟೆ ತಣ್ಣಗಾದ ಮೇಲೆ ಒಳಗೆ ಹೋದರೆ, ತಿರುಗಿಸಿ ಕಡೆದು ನಯಮಾಡಿದ ಕಂಬಗಳು. ಒಂದು ಮಡಿಕೆಯಲ್ಲಿ ನನ್ನ ನೆರಳು ನೆಟ್ಟಗೆ, ಇನ್ನೊಂದರಲ್ಲಿ ತಲೆಕೆಳಗೆ. ಅರ್ಧ ಗಂಟೆ ಮುಂಚೆ ಬಂದಿದ್ದರೆ ಇದು ಕಂಬದ ಗುಣವೆಂದು ನಂಬುತ್ತಿರಲಿಲ್ಲ.

*

ಹೊಯ್ಸಳ ಶಿಲ್ಪಿಗಳಿಗೆ ಮೂರ್ತಿಯ ಬುಡದಲ್ಲಿ ಹೆಸರು ಕೆತ್ತುವ ರೂಢಿಯಿತ್ತು. ಮಲ್ಲಿತಮ್ಮ ದುಡಿದ ಊರುಗಳಲ್ಲಿ ಜಾವಗಲ್ ಇದೆ, ಹಾರನಹಳ್ಳಿ ಇದೆ, ಬೈಚೋಜನ ಜೊತೆ 1246ರಲ್ಲಿ ಕಡೆದ ನುಗ್ಗೇಹಳ್ಳಿ ಇದೆ, ಅತ್ತ ಸೋಮನಾಥಪುರವೂ ಇದೆ. ಜಾವಗಲ್ ಅಂದರೆ ನಮ್ಮ ತಲೆಮಾರಿಗೆ ಶ್ರೀನಾಥರ ಬೌಲಿಂಗು ನೆನಪಾಗುತ್ತದೆ, ಅದು ಬೇರೆ ಮಾತು. ಮಲ್ಲಿತಮ್ಮನೂ ಉಳಿಯ ಚೀಲ ಹೊತ್ತು ಇದೇ ದಿಣ್ಣೆಗಳನ್ನು ಹತ್ತಿ ಇಳಿದವನೇ. ಅವನ ಮೂರ್ತಿಗಳ ಮೊಣಕಾಲು ನೋಡಿದಾಗಲೆಲ್ಲ ಅವನ ಮೊಣಕಾಲು ಹೇಗಿತ್ತೋ ಅನ್ನಿಸುತ್ತದೆ.

*

‘ಎಷ್ಟಾಯ್ತು ಸಾರ್ ಸೈಕಲ್ಲಿಗೆ?’ ಪ್ರತಿ ಅರಳಿಕಟ್ಟೆಯ ಮೊದಲ ಪ್ರಶ್ನೆ. ನಾನು ಬೆಲೆಯನ್ನು ಅರ್ಧ ಮಾಡಿ, ಅದನ್ನೂ ಅರ್ಧ ಮಾಡಿ ಹೇಳುತ್ತೇನೆ. ಆದರೂ ‘ಅಷ್ಟಕ್ಕೆ ಒಂದ್ ಕರು ಬರ್ತಿತ್ತು’ ಅನ್ನುತ್ತಾರೆ. ಎರಡನೆಯ ಪ್ರಶ್ನೆ, ‘ಗಾಡಿ ಇಲ್ವಾ?’ ಅದರಲ್ಲಿ ಕೊಂಕಿಲ್ಲ. ಗೊಬ್ಬರದ ಮೂಟೆ, ಹಾಲಿನ ಕ್ಯಾನು, ಹೆಂಡತಿ ಮಗು ಎಲ್ಲ ಹೇರಿಕೊಂಡು ಇದೇ ಏರನ್ನು ಸೈಕಲ್ಲಲ್ಲಿ ಹತ್ತಿದವರು, ಮೊಪೆಡ್ ಕೊಂಡ ದಿನ ಉಸ್ಸಪ್ಪಾ ಅಂದವರು. ಅವರು ಇಳಿಸಿಟ್ಟ ಕಷ್ಟವನ್ನು ನಾವು ಭಾನುವಾರ ದುಡ್ಡು ಕೊಟ್ಟು ಎತ್ತಿಕೊಳ್ಳುತ್ತೇವೆ. ಇದಕ್ಕೆ ನಾಚಬೇಕೋ ಬೇಡವೋ ಅಂತ ಎಷ್ಟೋ ಏರುಗಳ ಬುಡದಲ್ಲಿ ಯೋಚಿಸಲು ತೊಡಗಿದ್ದೇನೆ. ನೆತ್ತಿ ಮುಟ್ಟುವಷ್ಟರಲ್ಲಿ ಉಸಿರಿನದೇ ಯೋಚನೆ.

*

2006–07ರಲ್ಲಿ ಸರ್ಕಾರ ಎಂಟನೆಯ ತರಗತಿಯ ಮಕ್ಕಳಿಗೆ ಸೈಕಲ್ ಕೊಡಲು ಶುರುಮಾಡಿತು. ಗೇರಿಲ್ಲದ ಆ ಸೈಕಲ್ಲುಗಳಲ್ಲಿ ಹುಡುಗಿಯರು ಮಾತಾಡಿಕೊಂಡು ದಿಣ್ಣೆ ಹತ್ತುತ್ತಿದ್ದರು. ನನ್ನ 22 ಗೇರಿನಲ್ಲಿ ಅಂಥದೊಂದು ಗೇರಿಲ್ಲ.

*

ಡಿಸೆಂಬರು ಬಂತೆಂದರೆ ಟಾರು ರಸ್ತೆಯೇ ಕಣ. ರಾಗಿ, ಹುರುಳಿಯನ್ನು ದಪ್ಪಗೆ ಹರಡಿರುತ್ತಾರೆ. ಬಸ್ಸು ಲಾರಿಗಳು ರೋಣಗಲ್ಲಿನ ಕೆಲಸವನ್ನು ಬಿಟ್ಟಿಯಾಗಿ ಮಾಡಿಕೊಟ್ಟು ಹೋಗುತ್ತವೆ. ಇದು ತಪ್ಪು, ಬೈಕಿನವರಿಗೆ ಅಪಾಯ, ಕಾಳಿಗೆ ಕಲ್ಲು. ಎಲ್ಲ ನಿಜ. ಒಕ್ಕಲು ಆಳು ಸಿಗದಿರುವುದೂ ನಿಜ.

ಜಾವಗಲ್ಲಿನ ಈಚೆ ಒಮ್ಮೆ ಹುಲ್ಲು ಹಿಂಚಕ್ರದ ಹಲ್ಲುಗಳಿಗೆ ಸುತ್ತಿ, ಚೈನು ಕಚ್ಚಿ, ನಿಂತಲ್ಲೇ ಒರಗಿ ಬಿದ್ದೆ. ಬಿದ್ದದ್ದು ಹುಲ್ಲಿನ ಮೇಲೆ, ಹಾಗಾಗಿ ಪೆಟ್ಟು ಮರ್ಯಾದೆಗೆ ಮಾತ್ರ. ಮೊರದಲ್ಲಿ ಕೇರುತ್ತಿದ್ದ ಅಜ್ಜಿ ಎದ್ದು ಬಂದು ಕುಡುಗೋಲಿನ ತುದಿಯಿಂದ ಒಂದೊಂದೇ ಎಳೆಯನ್ನು ಬಿಡಿಸಿದಳು. ಗ್ರೀಸು ಮೆತ್ತಿದ ಹುಲ್ಲನ್ನು ಬೇರೆ ಇಟ್ಟಳು, ಹಸು ತಿನ್ನಬಾರದಂತೆ. ಆಮೇಲೆ ಸೈಕಲ್ಲನ್ನು ಒಂದೇ ಕೈಯಲ್ಲಿ ಎತ್ತಿ ನೋಡಿ, ‘ಇದ್ರಡೀಲಿ ಒಂದ್ ಕಾಳೂ ಉದ್ರಲ್ಲ ಕಣಪ್ಪ, ಪಕ್ದಲ್ಲಿ ತಳ್ಕೊಂಡೋಗು’ ಅಂದಳು.

*

ಹೋಗುವಾಗ ಇಳಿಜಾರಾಗಿದ್ದ ದಾರಿಯನ್ನು ಬರುವಷ್ಟರಲ್ಲಿ ಯಾರೋ ತಿರುವಿ ಇಟ್ಟಿರುತ್ತಾರೆ.

*

ಹಾರನಹಳ್ಳಿ ಇನ್ನು ನಾಲ್ಕೈದು ಕಿಲೋಮೀಟರು ಇರುವಾಗ, ಸಣ್ಣದೊಂದು ಕೆರೆಯ ಏರಿ ಮೇಲೆ ಜಾಲಿ ಮುಳ್ಳು ಚುಚ್ಚಿತು. ಟ್ಯೂಬು ಬದಲಿಸಿದೆ. ತೋಟದ ಮನೆಯ ಹುಡುಗನೊಬ್ಬ ಓಡಿಹೋಗಿ ತಮ್ಮ ದೊಡ್ಡ ಪಂಪು ತಂದ. ಅದರ ಬಾಯಿ ಊರ ಸೈಕಲ್ಲಿನ ವಾಲ್ವಿಗೆ ಸರಿ. ನನ್ನದು ಸಪೂರ ಪ್ರೆಸ್ಟಾ ವಾಲ್ವು. ಎರಡಕ್ಕೂ ನಂಟು ಮಾಡುವ ಹಿತ್ತಾಳೆಯ ಅಡಾಪ್ಟರು ಮನೆಯ ಮೇಜಿನ ಮೇಲಿತ್ತು. ಗೇಣುದ್ದದ ಕೈಪಂಪಿನಲ್ಲಿ ಒತ್ತತೊಡಗಿದೆ. ಹುಡುಗ ಕುಕ್ಕರುಗಾಲಲ್ಲಿ ಕೂತು ಎಣಿಸಿದ. ನೂರ ನಲವತ್ತರಲ್ಲಿ ತಪ್ಪಿ, ನೂರ ಇಪ್ಪತ್ತರಿಂದ ಮತ್ತೆ ಹಿಡಿದ. ಮುನ್ನೂರಕ್ಕೆ ನಾನು ಸಾಕು ಅಂದೆ.

ಎಣಿಸಿದ ಕೂಲಿಗೆ ಒಂದು ರೌಂಡು ಕೇಳಿದ. ಸೀಟು ಅವನ ಎದೆಮಟ್ಟ. ಒಂದು ಗಳಿಗೆ ನೋಡಿ, ಫ್ರೇಮಿನ ಸಂದಿಯಲ್ಲಿ ಬಲಗಾಲು ತೂರಿಸಿದ. ಒಳಪೆಡ್ಲು! ಆ ವಿದ್ಯೆ ನಮ್ಮ ತಲೆಮಾರಿಗೇ ಮುಗಿಯಿತು ಅಂದುಕೊಂಡಿದ್ದೆ. ಏರಿಯ ಒಂದು ಕಡೆ ನೀರು, ಇನ್ನೊಂದು ಕಡೆ ಗದ್ದೆಯ ಆಳ. ಕ್ಲೀಟಿನ ಶೂ ಕಟಕಟ ಅನ್ನಿಸುತ್ತ ಹಿಂದೆ ಓಡಿದೆ. ಸೈಕಲ್ಲಿಗೆ ಬೆಲ್ಲಿಲ್ಲ. ತೂಬಿನ ಹತ್ತಿರ ಎದುರಾದ ಕುರಿಗಳಿಗೆ ಅವನು ಬಾಯಲ್ಲೇ ಟ್ರಿಣ್ ಟ್ರಿಣ್ ಅಂದ. ಕುರಿಗಳು ಎರಡು ಪಾಲಾಗಿ ದಾರಿ ಬಿಟ್ಟವು.