ಆಪ್ತವಾಕ್ಯ ಮತ್ತು ಪ್ರಯೋಗಶಾಲೆ

ದಂತವೈದ್ಯರು ದವಡೆಯ ಮೂಳೆಗೆ ಟೈಟಾನಿಯಂ ತಿರುಪನ್ನು ಕೂರಿಸುವಾಗ, ಆ ಲೋಹದ ಸುತ್ತ ಮೂಳೆ ಬೆಳೆದು ಎರಡೂ ಬೆಸೆದುಕೊಳ್ಳುತ್ತವೆಂಬುದನ್ನು ತಾವಾಗಿ ಪ್ರಯೋಗ ಮಾಡಿ ಕಂಡುಕೊಂಡಿರುವುದಿಲ್ಲ. ಸ್ವೀಡನ್ನಿನ ಪೆರ್-ಇಂಗ್ವಾರ್ ಬ್ರೊನೆಮಾರ್ಕ್ ಅವರು 1950ರ ದಶಕದಲ್ಲಿ ಮೊಲಗಳ ಮೂಳೆಯಲ್ಲಿ ಇದನ್ನು ಗಮನಿಸಿ, 1965ರಲ್ಲಿ ಮನುಷ್ಯನ ದವಡೆಗೆ ಅಳವಡಿಸಿದರು; ಇಂದಿನ ವೈದ್ಯರು ಅದನ್ನು ಪಠ್ಯದಿಂದ ಕಲಿತಿದ್ದಾರೆ, ರೋಗಿ ವೈದ್ಯರ ಮಾತಿನಿಂದ ತಿಳಿಯುತ್ತಾನೆ. ಸೇತುವೆ ಕಟ್ಟುವ ಎಂಜಿನಿಯರು ಉಕ್ಕಿನ ಬಲದ ಕೋಷ್ಟಕವನ್ನು ಒಪ್ಪುವುದೂ, ರಸಾಯನಶಾಸ್ತ್ರಜ್ಞರು ಪರಮಾಣು ತೂಕದ ಪಟ್ಟಿಯನ್ನು ಒಪ್ಪುವುದೂ ಹೀಗೆಯೇ. ವಿಜ್ಞಾನಿಯೂ ತನ್ನ ಕ್ಷೇತ್ರದ ಒಂದು ಸಣ್ಣ ಮೂಲೆಯನ್ನು ಬಿಟ್ಟರೆ ಉಳಿದೆಲ್ಲವನ್ನೂ ಇನ್ನೊಬ್ಬರ ಮಾತಿನ ಮೇಲೆಯೇ ಬಲ್ಲವನಾಗಿರುವುದರಿಂದ, ವಿಜ್ಞಾನವೂ ಕೊನೆಗೆ ಒಂದು ನಂಬಿಕೆಯೇ ತಾನೆ, ಧರ್ಮಗ್ರಂಥದ ಪೀಠದಲ್ಲಿ ಸಂಶೋಧನಾ ಪತ್ರಿಕೆ ಬಂದು ಕುಳಿತಿದೆ ಅಷ್ಟೆ, ಎಂಬ ಆಕ್ಷೇಪ ಆಗಾಗ ಕೇಳಿಬರುತ್ತದೆ. ಈ ಆಕ್ಷೇಪವನ್ನು ಹಗುರಾಗಿ ತಳ್ಳಿಹಾಕುವುದು ಸರಿಯಲ್ಲ, ಏಕೆಂದರೆ ಅದರ ಮೊದಲರ್ಧ ನಿಜ. ಆದರೆ ಇನ್ನೊಬ್ಬರ ಮಾತಿನಿಂದ ಬಂದದ್ದೆಲ್ಲವೂ ಬರಿಯ ನಂಬಿಕೆ ಎಂಬ ಎರಡನೆಯ ಅರ್ಧವನ್ನು ಭಾರತೀಯ ದರ್ಶನಗಳು ಬಹಳ ಹಿಂದೆಯೇ ಪರೀಕ್ಷೆಗೆ ಒಡ್ಡಿವೆ.

ಗೌತಮನ ನ್ಯಾಯಸೂತ್ರಗಳು ಯಥಾರ್ಥ ಜ್ಞಾನಕ್ಕೆ ನಾಲ್ಕು ಸಾಧನಗಳನ್ನು, ಅಂದರೆ ಪ್ರಮಾಣಗಳನ್ನು, ಹೇಳುತ್ತವೆ: ಇಂದ್ರಿಯಗಳಿಂದ ಬರುವ ಪ್ರತ್ಯಕ್ಷ, ಕಂಡದ್ದರಿಂದ ಕಾಣದ್ದನ್ನು ಊಹಿಸುವ ಅನುಮಾನ, ಸಾದೃಶ್ಯದಿಂದ ತಿಳಿಯುವ ಉಪಮಾನ, ಮತ್ತು ಆಪ್ತನ, ಅಂದರೆ ನಂಬಲರ್ಹನಾದವನ, ಉಪದೇಶವಾದ ಶಬ್ದ. ಬೌದ್ಧರೂ ವೈಶೇಷಿಕರೂ ಶಬ್ದವನ್ನು ಪ್ರತ್ಯೇಕ ಪ್ರಮಾಣವೆಂದು ಒಪ್ಪದೆ ಅದನ್ನು ಅನುಮಾನದೊಳಗೇ ಸೇರಿಸಿದರೆ, ನೈಯಾಯಿಕರು ಮಾತಿನಿಂದಲೂ ನೇರವಾಗಿ ತಿಳಿವು ಹುಟ್ಟಬಲ್ಲದು ಎಂದು ಸಾಧಿಸಿ, ಅದಕ್ಕೆ ಹೇಳುವವನ ಯೋಗ್ಯತೆಯನ್ನು ಷರತ್ತಾಗಿ ಇಟ್ಟರು. ಸೂತ್ರಗಳಿಗೆ ಭಾಷ್ಯ ಬರೆದ ವಾತ್ಸ್ಯಾಯನನ ವಿವರಣೆಯಂತೆ ಆಪ್ತನಲ್ಲಿ ಮೂರು ಗುಣಗಳಿರಬೇಕು. ವಿಷಯವನ್ನು ಅವನು ಸಾಕ್ಷಾತ್ತಾಗಿ ಕಂಡಿರಬೇಕು. ಕಂಡದ್ದನ್ನು ಕಂಡಂತೆಯೇ ತಿಳಿಸುವ ಇಚ್ಛೆ ಅವನಿಗಿರಬೇಕು. ಮತ್ತು ಅವನಲ್ಲಿ ಭೂತದಯೆ, ಅಂದರೆ ಜೀವಿಗಳ ಮೇಲಿನ ಕರುಣೆ, ಇರಬೇಕು. ಈ ಲಕ್ಷಣ ಋಷಿಗೂ ಆರ್ಯನಿಗೂ ಮ್ಲೇಚ್ಛನಿಗೂ ಸಮಾನವೆಂದು ಆ ಭಾಷ್ಯಕಾರನು ಸ್ಪಷ್ಟವಾಗಿ ಹೇಳಿರುವುದು, ಅವನ ಕಾಲವನ್ನು ನೆನೆದರೆ, ಧೀರವಾದ ಮಾತು. ಅಷ್ಟೇ ಗಮನಾರ್ಹವಾದದ್ದು ನ್ಯಾಯಸೂತ್ರಗಳ ಇನ್ನೊಂದು ವಾದ: ಆಯುರ್ವೇದದ ಮಾತುಗಳು ಲೋಕದಲ್ಲಿ ಫಲ ಕೊಡುವುದರಿಂದ ಅವನ್ನು ಹೇಳಿದವರು ಆಪ್ತರೆಂದು ತಿಳಿಯುತ್ತದೆ, ವೇದದ ಪ್ರಾಮಾಣ್ಯವೂ ಅದೇ ಬಗೆಯದು, ಎಂದು ಅಲ್ಲಿ ಸಾಧಿಸಲಾಗಿದೆ. ಇಲ್ಲಿ ದೃಷ್ಟಾಂತವಾಗಿ ನಿಂತಿರುವುದು ವೈದ್ಯಶಾಸ್ತ್ರ. ಪರೀಕ್ಷೆಗೆ ದಕ್ಕುವ ವಿದ್ಯೆಯೇ ಪರೀಕ್ಷೆಗೆ ದಕ್ಕದ ವಿದ್ಯೆಗೆ ಆಧಾರವಾಗಿದೆ.

ಆಪ್ತನ ಈ ಮೂರು ಗುಣಗಳನ್ನು ಇತ್ತೀಚಿನ ಸಂಶೋಧನೆಗಳ ಪಕ್ಕದಲ್ಲಿಟ್ಟು ನೋಡಿದರೆ ಅವು ಎಷ್ಟು ನಿಖರವೆಂಬುದು ತಿಳಿಯುತ್ತದೆ. 2020ರ ಮೇ 22ರಂದು ಲ್ಯಾನ್ಸೆಟ್ ಪತ್ರಿಕೆ ಪ್ರಕಟಿಸಿದ ಒಂದು ಅಧ್ಯಯನ, ಆರು ಖಂಡಗಳ 671 ಆಸ್ಪತ್ರೆಗಳ 96,032 ಕೋವಿಡ್ ರೋಗಿಗಳ ದಾಖಲೆಗಳನ್ನು ಪರಿಶೀಲಿಸಿದ್ದಾಗಿ ಹೇಳಿ, ಹೈಡ್ರಾಕ್ಸಿಕ್ಲೋರೋಕ್ವಿನ್ ಪಡೆದವರಲ್ಲಿ ಸಾವು ಹೆಚ್ಚೆಂದು ತೀರ್ಮಾನಿಸಿತು. ಮೂರೇ ದಿನಗಳಲ್ಲಿ ವಿಶ್ವ ಆರೋಗ್ಯ ಸಂಸ್ಥೆ ಆ ಔಷಧದ ತನ್ನ ಪ್ರಯೋಗವನ್ನು ತಾತ್ಕಾಲಿಕವಾಗಿ ನಿಲ್ಲಿಸಿತು. ಆದರೆ ಏಪ್ರಿಲ್ 21ರವರೆಗೆ ಆಸ್ಟ್ರೇಲಿಯಾದಲ್ಲಿ ಒಟ್ಟು 67 ಸಾವುಗಳು ವರದಿಯಾಗಿದ್ದರೆ, ಕೆಲವೇ ಆಸ್ಪತ್ರೆಗಳಿಂದ ಬಂದದ್ದೆಂಬ ಆ ಅಧ್ಯಯನದ ಲೆಕ್ಕದಲ್ಲಿ ಅಲ್ಲಿನ 73 ಸಾವುಗಳಿದ್ದವು. ನೂರಕ್ಕೂ ಹೆಚ್ಚು ವಿಜ್ಞಾನಿಗಳು ಬಹಿರಂಗ ಪತ್ರ ಬರೆದು ಮೂಲ ದತ್ತಾಂಶವನ್ನು ಕೇಳಿದರು. ಅದನ್ನು ಒದಗಿಸಿದ್ದ ಕಂಪನಿ ಸ್ವತಂತ್ರ ಪರಿಶೀಲನೆಗೆ ಪೂರ್ತಿ ದತ್ತಾಂಶವನ್ನು ಕೊಡಲಿಲ್ಲವಾಗಿ, ನಾಲ್ವರು ಲೇಖಕರಲ್ಲಿ ಮೂವರು ಜೂನ್ 4ರಂದು ಲೇಖನವನ್ನು ಹಿಂತೆಗೆದುಕೊಂಡರು. ಅವರ ಹೆಸರು, ಪದವಿ, ಪತ್ರಿಕೆಯ ಘನತೆ ಎಲ್ಲವೂ ಇದ್ದವು. ಇಲ್ಲದಿದ್ದದ್ದು ಸಾಕ್ಷಾತ್ಕಾರ: ಮೂಲ ದಾಖಲೆಗಳನ್ನು ಅವರು ಕಂಡಿರಲಿಲ್ಲ.

ಎರಡನೆಯ ಗುಣ ಇಲ್ಲವಾದರೆ ಏನಾಗುತ್ತದೆಂಬುದಕ್ಕೆ ಖಿನ್ನತೆಗೆ ಕೊಡುವ ರೆಬಾಕ್ಸೆಟಿನ್ ಎಂಬ ಔಷಧ ನಿದರ್ಶನ. ಜರ್ಮನಿಯ ಸಂಶೋಧಕರು ಅದರ ಎಲ್ಲ ಪ್ರಯೋಗಗಳನ್ನೂ ಒಟ್ಟುಗೂಡಿಸಿ 2010ರಲ್ಲಿ ಪ್ರಕಟಿಸಿದಾಗ, ಪ್ರಯೋಗಕ್ಕೆ ಒಳಗಾದವರಲ್ಲಿ ಶೇಕಡ 74ರಷ್ಟು ಮಂದಿಯ ದತ್ತಾಂಶ ಅಲ್ಲಿಯವರೆಗೆ ಹೊರಬಂದೇ ಇರಲಿಲ್ಲವೆಂದೂ, ಪ್ರಕಟವಾದ ಭಾಗ ಮಾತ್ರ ಔಷಧದ ಗುಣವನ್ನು ಹಿಗ್ಗಿಸಿ ತೋರಿಸಿತ್ತೆಂದೂ ತಿಳಿದುಬಂತು. ಪ್ರಕಟವಾದ ಒಂದೊಂದು ವಾಕ್ಯವೂ ನಿಜವಾಗಿದ್ದು ಒಟ್ಟು ಮಾತು ಸುಳ್ಳಾಗಬಹುದೆಂಬುದನ್ನು ಇದು ತೋರಿಸುತ್ತದೆ. ಆದ್ದರಿಂದಲೇ ವಾತ್ಸ್ಯಾಯನನು ಸುಳ್ಳು ಹೇಳದಿರುವುದಷ್ಟನ್ನೇ ಕೇಳದೆ, ಕಂಡಂತೆ ತಿಳಿಸುವ ಇಚ್ಛೆಯನ್ನೂ ಕೇಳಿದನು.

ಪ್ರಾಮಾಣಿಕರೇ ತಪ್ಪಿ ಕಂಡಾಗ ಏನು ಮಾಡಬೇಕೆಂಬ ಪ್ರಶ್ನೆ ಇದಕ್ಕಿಂತ ಕಷ್ಟದ್ದು. ದಕ್ಷಿಣ ಕೊರಿಯಾದ ಸಂಶೋಧಕರು 2023ರ ಜುಲೈನಲ್ಲಿ, ಸೀಸ, ರಂಜಕ, ಆಮ್ಲಜನಕ ಮತ್ತು ತಾಮ್ರ ಸೇರಿದ ಎಲ್‌ಕೆ-99 ಎಂಬ ವಸ್ತು ಸಾಮಾನ್ಯ ಉಷ್ಣತೆಯಲ್ಲೂ ಅತಿವಾಹಕವೆಂದು, ಎಂದರೆ ವಿದ್ಯುತ್ತನ್ನು ಯಾವ ಪ್ರತಿರೋಧವೂ ಇಲ್ಲದೆ ಹರಿಸುತ್ತದೆಂದು, ಸಾರಿದರು. ದೆಹಲಿಯ ರಾಷ್ಟ್ರೀಯ ಭೌತ ಪ್ರಯೋಗಾಲಯವೂ ಸೇರಿದಂತೆ ಹಲವು ದೇಶಗಳ ಪ್ರಯೋಗಾಲಯಗಳು ಕೆಲವೇ ದಿನಗಳಲ್ಲಿ ಆ ವಸ್ತುವನ್ನು ತಯಾರಿಸಿ ನೋಡಿದವು, ಅತಿವಾಹಕತೆ ಕಾಣಲಿಲ್ಲ. ಮೂಲ ಲೇಖನದಲ್ಲಿ ಸುಮಾರು 104 ಡಿಗ್ರಿ ಸೆಲ್ಸಿಯಸ್ ಬಳಿ ಪ್ರತಿರೋಧ ತಟ್ಟನೆ ಕುಸಿದದ್ದಕ್ಕೆ ಕಾರಣ, ತಯಾರಿಕೆಯಲ್ಲಿ ಕಲ್ಮಶವಾಗಿ ಉಳಿಯುವ ತಾಮ್ರದ ಸಲ್ಫೈಡ್ ಅದೇ ಉಷ್ಣತೆಯಲ್ಲಿ ತನ್ನ ರಚನೆಯನ್ನು ಬದಲಿಸುವುದು ಎಂದು ಗೊತ್ತಾಯಿತು. ಜರ್ಮನಿಯ ಸ್ಟುಟ್‌ಗಾರ್ಟ್‌ನ ಮ್ಯಾಕ್ಸ್ ಪ್ಲಾಂಕ್ ಸಂಸ್ಥೆಯಲ್ಲಿ ಗಂಧಕವಿಲ್ಲದೆ ಬೆಳೆಸಿದ ಶುದ್ಧ ಹರಳು ಅತಿವಾಹಕವಾಗಿರದೆ ವಿದ್ಯುತ್ ನಿರೋಧಕವಾಗಿತ್ತು. ನೈಯಾಯಿಕರು ಭ್ರಮೆಯನ್ನು ಅನ್ಯಥಾಖ್ಯಾತಿ ಎಂದು ವಿವರಿಸುತ್ತಾರೆ, ಅಂದರೆ ಒಂದರಲ್ಲಿ ನಿಜವಾಗಿಯೂ ಇರುವ ಧರ್ಮವನ್ನು ಮತ್ತೊಂದರಲ್ಲಿ ಕಾಣುವುದೇ ಭ್ರಮೆ. ಕೊರಿಯಾದವರು ಕಂಡ ಕುಸಿತ ಸುಳ್ಳಲ್ಲ. ಅದು ಸಲ್ಫೈಡಿಗೆ ಸೇರಿದ್ದು.

ಈ ಘಟನೆ ಮೀಮಾಂಸಕರಿಗೂ ನೈಯಾಯಿಕರಿಗೂ ಶತಮಾನಗಳ ಕಾಲ ನಡೆದ ವಾದವನ್ನು ಮತ್ತೆ ಜೀವಂತಗೊಳಿಸುತ್ತದೆ. ಮೀಮಾಂಸಕನಾದ ಕುಮಾರಿಲ ಭಟ್ಟನ ಪಕ್ಷದಲ್ಲಿ ಜ್ಞಾನ ಹುಟ್ಟಿದೊಡನೆ ತಾನೇ ಪ್ರಮಾಣ. ಅದನ್ನು ಕೆಡವಲು ಎರಡರಲ್ಲೊಂದು ಬೇಕು, ಒಂದೋ ಅದಕ್ಕೆ ವಿರುದ್ಧವಾದ ಬಾಧಕ ಜ್ಞಾನ, ಇಲ್ಲವೇ ಅದು ಹುಟ್ಟಿದ ಕಾರಣದಲ್ಲೇ ದೋಷವಿದೆಯೆಂಬ ತಿಳಿವು. ಇದು ಸ್ವತಃಪ್ರಾಮಾಣ್ಯ. ನೈಯಾಯಿಕರ ಪಕ್ಷದಲ್ಲಿ ಜ್ಞಾನದ ಪ್ರಾಮಾಣ್ಯ ಹೊರಗಿನಿಂದ, ಅದನ್ನು ನೆಚ್ಚಿ ನಡೆದಾಗ ಸಿಗುವ ಫಲದಿಂದ, ತಿಳಿಯತಕ್ಕದ್ದು, ಇದು ಪರತಃಪ್ರಾಮಾಣ್ಯ. ಎಲ್‌ಕೆ-99ರ ವಿಷಯದಲ್ಲಿ ಶುದ್ಧ ಹರಳು ಬಾಧಕ ಜ್ಞಾನವಾಯಿತು, ಸಲ್ಫೈಡಿನ ಪತ್ತೆ ಕಾರಣದೋಷದ ಜ್ಞಾನವಾಯಿತು. ಕುಮಾರಿಲನು ಹೇಳಿದ ಎರಡೂ ದಾರಿಗಳು ಅಲ್ಲಿ ಒಟ್ಟಿಗೇ ತೆರೆದವು. ಆದರೆ ಆ ಬಾಧಕವು ತಾನಾಗಿ ಬರುವುದನ್ನು ಕಾಯುತ್ತ ಕೂರುವುದು ಅಪಾಯ. ಅಮೆರಿಕದ ಔಷಧ ಕಂಪನಿಯೊಂದರ ವಿಜ್ಞಾನಿಗಳು ಕ್ಯಾನ್ಸರ್ ಕ್ಷೇತ್ರದ 53 ಮೈಲಿಗಲ್ಲಿನಂಥ ಅಧ್ಯಯನಗಳನ್ನು ಮರಳಿ ಮಾಡಿ ನೋಡಿ, ಆರನ್ನು ಮಾತ್ರ ದೃಢಪಡಿಸಲು ಸಾಧ್ಯವಾಯಿತೆಂದು 2012ರಲ್ಲಿ ವರದಿ ಮಾಡಿದರು. ಇದಕ್ಕೆ ಎದುರಾಗಿ ರಸಾಯನಶಾಸ್ತ್ರದಲ್ಲಿ ನೂರು ವರ್ಷ ದಾಟಿದ ಒಂದು ಸಂಪ್ರದಾಯವಿದೆ: 1921ರಲ್ಲಿ ಆರಂಭವಾದ ಆರ್ಗ್ಯಾನಿಕ್ ಸಿಂಥೆಸೀಸ್ ಎಂಬ ಪ್ರಕಟಣೆಗೆ ಯಾವ ತಯಾರಿಕಾ ವಿಧಾನ ಬಂದರೂ, ಸಂಪಾದಕ ಮಂಡಲಿಯ ಸದಸ್ಯರೊಬ್ಬರ ಪ್ರಯೋಗಾಲಯದಲ್ಲಿ ಬೇರೆ ಕೈಗಳು ಅದನ್ನು ಮಾಡಿ ನೋಡಿ, ಹೇಳಿದ ಫಲ ಬಂದ ಮೇಲೆಯೇ ಅಚ್ಚಿಗೆ ಕಳುಹಿಸುತ್ತವೆ. ಓದುವವನು ಮೀಮಾಂಸಕನಂತೆ ನಂಬಿ ಹೊರಡುವುದು ಅನಿವಾರ್ಯವಾಗಿರುವುದರಿಂದಲೇ ಪ್ರಕಟಿಸುವವನು ನೈಯಾಯಿಕನಂತೆ ಪರೀಕ್ಷಿಸಬೇಕಾದದ್ದು ಕರ್ತವ್ಯವಾಗುತ್ತದೆ.

ಹಾಗಾದರೆ ಪರೀಕ್ಷೆಗೊಂದು ಪರೀಕ್ಷೆ, ಅದಕ್ಕೆ ಮತ್ತೊಂದು, ಎಂದು ಕೊನೆಯಿಲ್ಲದೆ ಹೋಗುವ ಅನವಸ್ಥಾ ದೋಷ ಬರುವುದಿಲ್ಲವೇ? ಈ ಪ್ರಶ್ನೆಗೆ ಕನ್ನಡ ನಾಡಿನಲ್ಲಿ ಬೆಳೆದ ಮಾಧ್ವ ಪರಂಪರೆಯ ಉತ್ತರ ಅತ್ಯಂತ ಸೂಕ್ಷ್ಮವಾದದ್ದು. ಜಯತೀರ್ಥರು ತಮ್ಮ ಪ್ರಮಾಣಪದ್ಧತಿಯೇ ಮೊದಲಾದ ಗ್ರಂಥಗಳಲ್ಲಿ ವಿವರಿಸುವ ಸಿದ್ಧಾಂತದಂತೆ, ಸಂಶಯ ಬಂದಲ್ಲಿ ಪರೀಕ್ಷೆ ನಡೆಯಬೇಕು, ಆದರೆ ಅದು ಸಾಕ್ಷಿಯನ್ನು ಮುಟ್ಟಿದೊಡನೆ ನಿಲ್ಲುತ್ತದೆ. ಸಾಕ್ಷಿಯೆಂದರೆ ಸುಖದುಃಖಗಳನ್ನು ನೇರವಾಗಿ ಅರಿಯುವ ಆತ್ಮಸ್ವರೂಪವಾದ ಇಂದ್ರಿಯ, ಅದರ ತೀರ್ಪಿನಲ್ಲಿ ತಪ್ಪಿಲ್ಲ. ತನಗೆ ನೋವಾಗುತ್ತಿದೆಯೋ ಇಲ್ಲವೋ ಎಂದು ಯಾರೂ ಸಂಶಯಪಡುವುದಿಲ್ಲ. ಇದನ್ನು ವೈದ್ಯಕ್ಕೆ ಅನ್ವಯಿಸುವಾಗ ಒಂದು ಎಚ್ಚರ ಬೇಕು: ನೋವು ಇಳಿಯಿತೆಂಬುದಕ್ಕೆ ರೋಗಿಯ ಸಾಕ್ಷಿಯೇ ಕೊನೆಯ ಪ್ರಮಾಣವಾದರೂ, ಇಳಿದದ್ದು ಈ ಔಷಧದಿಂದಲೇ ಎಂಬುದು ಸಾಕ್ಷಿಗೆ ನಿಲುಕುವ ವಿಷಯವಲ್ಲ, ಅದು ಅನುಮಾನದ ವಿಷಯ. ತಾನಾಗಿ ವಾಸಿಯಾಗುವ ಕಾಯಿಲೆಯೂ, ಔಷಧವೆಂದು ಕೊಟ್ಟ ಬರಿಯ ಸಕ್ಕರೆ ಗುಳಿಗೆಯೂ ಅದೇ ನೆಮ್ಮದಿಯನ್ನು ತರಬಲ್ಲವು. ಅನುಭವವೇ ಸಾಕು, ಪರೀಕ್ಷೆ ಬೇಡ ಎನ್ನುವವರು ಈ ಎರಡನ್ನು ಒಂದಾಗಿಸಿ ಎಡವುತ್ತಾರೆ.

ಅನುಮಾನಕ್ಕೂ ತನ್ನದೇ ಆದ ಅಪಾಯವುಂಟು, ಅದಕ್ಕೆ ನ್ಯಾಯಶಾಸ್ತ್ರ ಉಪಾಧಿ ಎಂದು ಹೆಸರಿಟ್ಟಿದೆ. ಬೆಂಕಿ ಇದ್ದಲ್ಲೆಲ್ಲ ಹೊಗೆ ಇರುತ್ತದೆಂಬ ನಿಯಮ ಹಸಿ ಸೌದೆ ಇದ್ದಾಗ ಮಾತ್ರ ನಿಜ. ಹೇಳದೆ ಉಳಿದ ಆ ಹಸಿ ಸೌದೆಯೇ ಉಪಾಧಿ. ದಂತವೈದ್ಯದ ಫ್ಲೋರೈಡ್ ಇದಕ್ಕೆ ಶ್ರೇಷ್ಠ ನಿದರ್ಶನ. 1901ರಲ್ಲಿ ಅಮೆರಿಕದ ಕೊಲರಾಡೊ ಸ್ಪ್ರಿಂಗ್ಸ್‌ಗೆ ಬಂದ ದಂತವೈದ್ಯ ಫ್ರೆಡರಿಕ್ ಮೆಕೇ ಅಲ್ಲಿಯವರ ಹಲ್ಲುಗಳ ಮೇಲೆ ಕಂದು ಕಲೆಗಳನ್ನು ಕಂಡು ಬೆನ್ನುಹತ್ತಿದರು. ಆ ಕಲೆಯ ಹಲ್ಲುಗಳು ಹುಳುಕಾಗುವುದು ಕಡಿಮೆಯೆಂಬುದೂ ಅವರ ಗಮನಕ್ಕೆ ಬಂತು. ಕಾರಣ ನೀರಿನಲ್ಲಿರುವ ಫ್ಲೋರೈಡ್ ಎಂದು 1931ರಲ್ಲಿ ರಸಾಯನಶಾಸ್ತ್ರಜ್ಞ ಎಚ್. ವಿ. ಚರ್ಚಿಲ್ ಪತ್ತೆಹಚ್ಚಿದರು. 1945ರಲ್ಲಿ ಮಿಶಿಗನ್ನಿನ ಗ್ರ್ಯಾಂಡ್ ರ್ಯಾಪಿಡ್ಸ್ ನಗರದ ನೀರಿಗೆ ಲೀಟರಿಗೆ ಸುಮಾರು 1 ಮಿಲಿಗ್ರಾಂ ಫ್ಲೋರೈಡ್ ಬೆರೆಸತೊಡಗಿದ ಮೇಲೆ, ಆನಂತರ ಹುಟ್ಟಿದ ಮಕ್ಕಳಲ್ಲಿ ಹುಳುಕು ಶೇಕಡ 60ಕ್ಕೂ ಹೆಚ್ಚು ತಗ್ಗಿತು. ಆದರೆ 2024ರ ಕಾಕ್ರೇನ್ ಸಮೀಕ್ಷೆ, ಫ್ಲೋರೈಡ್ ಇರುವ ಟೂತ್‌ಪೇಸ್ಟ್ ಮನೆಮನೆಗೆ ಬಂದ ನಂತರದ ಅಧ್ಯಯನಗಳಲ್ಲಿ ಈ ಲಾಭ ಮಗುವೊಂದಕ್ಕೆ ಸರಾಸರಿ ಕಾಲು ಹಲ್ಲಿನಷ್ಟಕ್ಕೆ ಇಳಿದಿರುವುದನ್ನು ತೋರಿಸಿತು. ಹಳೆಯ ಅಧ್ಯಯನ ಸುಳ್ಳಾಗಲಿಲ್ಲ, ಅದರ ಉಪಾಧಿ ಬದಲಾಯಿತು. ಅದೇ ಫ್ಲೋರೈಡ್ ಪಾವಗಡ, ಬಾಗೇಪಲ್ಲಿ, ಮುಂಡರಗಿಯಂಥ ಒಣ ಸೀಮೆಯ ಕೊಳವೆಬಾವಿಗಳಲ್ಲಿ, ವಿಶ್ವ ಆರೋಗ್ಯ ಸಂಸ್ಥೆ ಮಿತಿಯೆಂದು ಹೇಳಿದ ಲೀಟರಿಗೆ 1.5 ಮಿಲಿಗ್ರಾಮನ್ನು ಮೀರಿ ಬಂದಾಗ ಹಲ್ಲನ್ನು ಕಲೆಗೊಳಿಸುತ್ತದೆ, ವರ್ಷಗಟ್ಟಲೆ ಕುಡಿದವರ ಮೂಳೆಯನ್ನು ಕೆಡಿಸುತ್ತದೆ. ಫ್ಲೋರೈಡ್ ಒಳ್ಳೆಯದೋ ಕೆಟ್ಟದ್ದೋ ಎಂಬ ಪ್ರಶ್ನೆಗೆ ಯಾವ ನೀರು, ಎಷ್ಟು ಪ್ರಮಾಣ, ಯಾರ ಬಾಯಿ ಎಂದು ಕೇಳದೆ ಉತ್ತರವಿಲ್ಲ.

ಯಾರ ಬಾಯಿ ಎಂದು ಕೇಳುವ ಮನಸ್ಸೇ ವಾತ್ಸ್ಯಾಯನನ ಮೂರನೆಯ ಗುಣ. ಕರುಣೆ ಶೀಲದ ವಿಷಯ, ಜ್ಞಾನದ ಲಕ್ಷಣದಲ್ಲಿ ಅದಕ್ಕೇನು ಕೆಲಸ ಎಂದು ಕೇಳಬಹುದು. ಬಿಡಬೇಕಾದದ್ದು ಯಾವುದು, ಪಡೆಯಬೇಕಾದದ್ದು ಯಾವುದು ಎಂದು ತಿಳಿಯಲು ಈ ಜೀವಿಗಳಿಗೆ ಬೇರೆ ದಾರಿಯಿಲ್ಲವೆಂಬ ಅರಿವಿನಿಂದಲೇ ಆಪ್ತನು ಉಪದೇಶಕ್ಕೆ ತೊಡಗುತ್ತಾನೆ ಎಂಬುದು ಭಾಷ್ಯದ ಅಭಿಪ್ರಾಯ. 2020ರ ಮಾರ್ಚಿನಲ್ಲಿ ಬ್ರಿಟನ್ನಿನಲ್ಲಿ ಆರಂಭವಾದ ರಿಕವರಿ ಎಂಬ ಪ್ರಯೋಗ ಈ ಮಾತಿಗೆ ಭಾಷ್ಯ ಬರೆದಂತಿದೆ. ಅಲ್ಲಿ ಯಾವ ರೋಗಿಗೆ ಯಾವ ಔಷಧವೆಂಬುದನ್ನು ವೈದ್ಯರ ಒಲವಿಗೆ ಬಿಡದೆ ಚೀಟಿ ಎತ್ತಿದಂತೆ ನಿರ್ಧರಿಸಲಾಯಿತು. ಹೀಗೆ ಡೆಕ್ಸಾಮೆಥಾಸೋನ್ ಎಂಬ ಹಳೆಯ, ಅಗ್ಗದ ಔಷಧವನ್ನು ಪಡೆದ 2,104 ಮಂದಿಯನ್ನು ಅದಿಲ್ಲದೆ ಚಿಕಿತ್ಸೆ ಪಡೆದ 4,321 ಮಂದಿಯೊಡನೆ ಹೋಲಿಸಿದಾಗ, ಕೃತಕ ಉಸಿರಾಟದಲ್ಲಿದ್ದವರ ಸಾವು ಶೇಕಡ 41.4ರಿಂದ 29.3ಕ್ಕೆ ಇಳಿದದ್ದು ಕಂಡಿತು. ಅದೇ ವರದಿ, ಆಮ್ಲಜನಕವೇ ಬೇಕಿಲ್ಲದ ರೋಗಿಗಳಿಗೆ ಈ ಔಷಧದಿಂದ ಪ್ರಯೋಜನವಿಲ್ಲ, ಹಾನಿಯೂ ಇರಬಹುದೆಂಬುದನ್ನು ಅಷ್ಟೇ ಸ್ಪಷ್ಟವಾಗಿ ಹೇಳಿತು. ಗೆಲುವಿನ ಸುದ್ದಿಯ ನಡುವೆ ಆ ವಾಕ್ಯವನ್ನು ಬರೆಯಿಸುವುದು ಭೂತದಯೆ; ಮದ್ದು ಮಾರುವ ಆತುರಕ್ಕೂ ಕೀರ್ತಿಯ ಹಂಬಲಕ್ಕೂ ಅದು ಬೇಡವಾದ ವಾಕ್ಯ. ಕರುಣೆ ಇಲ್ಲದವನು ಕಂಡಿರಬಹುದು, ಹೇಳಬಲ್ಲವನೂ ಆಗಿರಬಹುದು, ಆದರೆ ಯಾವುದನ್ನು ಹೇಳದೆ ಬಿಟ್ಟರೆ ಯಾರು ಸಾಯುತ್ತಾರೆಂಬುದನ್ನು ಅವನು ಎಣಿಸುವುದಿಲ್ಲ, ಆದ್ದರಿಂದ ಅವನ ಮಾತು ಪೂರ್ಣವಾಗುವುದಿಲ್ಲ.

ವಿಜ್ಞಾನದ ಮೇಲಿನ ವಿಶ್ವಾಸ ನಂಬಿಕೆಯೇ ಎಂಬ ಆಕ್ಷೇಪಕ್ಕೆ ಇಲ್ಲಿ ಉತ್ತರ ದೊರೆಯುತ್ತದೆ. ಅದು ಶಬ್ದಪ್ರಮಾಣ. ಕುರುಡು ನಂಬಿಕೆಗೆ ಷರತ್ತುಗಳಿಲ್ಲ, ಶಬ್ದಪ್ರಮಾಣಕ್ಕೆ ಇವೆ. ಸಂಶೋಧನೆಯನ್ನು ಒಪ್ಪುವವನು ದತ್ತಾಂಶವನ್ನು ಕಂಡವರಾರು, ಫಲಿಸದ ಪ್ರಯೋಗಗಳನ್ನೂ ಹೇಳಿದ್ದಾರೆಯೇ, ಬೇರೆ ಕೈಗಳು ಮಾಡಿ ನೋಡಿವೆಯೇ, ಯಾವ ಉಪಾಧಿಯಲ್ಲಿ ಇದು ನಿಜ, ಯಾರ ಹಿತಕ್ಕಾಗಿ ಹೇಳಿದ್ದು ಎಂದು ಕೇಳಲು ಹಕ್ಕುಳ್ಳವನು, ಉತ್ತರ ಕೊಡುವುದು ಸಂಶೋಧಕನ ಧರ್ಮ. ಇದೇ ಅಳತೆಗೋಲು ಧಾರ್ಮಿಕ ಉಪದೇಶಕ್ಕೂ ಅನ್ವಯಿಸುತ್ತದೆಂಬುದನ್ನು ಮರೆಯಬಾರದು, ಏಕೆಂದರೆ ಆಪ್ತನ ಲಕ್ಷಣ ಋಷಿಗೂ ಮ್ಲೇಚ್ಛನಿಗೂ ಒಂದೇ ಎಂದು ಹೇಳಿದ್ದು ಶಾಸ್ತ್ರ ಪರಂಪರೆಯೇ. ಪ್ರಶ್ನೆ ಕೇಳಬೇಡ ಎನ್ನುವ ಉಪದೇಶಕನೂ, ಮೂಲ ದಾಖಲೆಯನ್ನು ತೋರಿಸೆನು ಎನ್ನುವ ಸಂಶೋಧಕನೂ ಆ ಲಕ್ಷಣದಿಂದ ಸಮಾನವಾಗಿ ಹೊರಗುಳಿಯುತ್ತಾರೆ. ಪರೀಕ್ಷೆಗೆ ತನ್ನ ಮಾತನ್ನು ತಾನೇ ಒಡ್ಡುವವನು, ಯಾವ ಪೀಠದಲ್ಲಿದ್ದರೂ ಯಾವ ಪ್ರಯೋಗಾಲಯದಲ್ಲಿದ್ದರೂ, ಶ್ರದ್ಧೆಗೆ ಅರ್ಹನು.