ಔತಣದ ಮನೆಯಿಂದ ಬೀದಿಗೆ



ಸಂತ ಲೂಕರ ಶುಭಸಂದೇಶದ ಹದಿನಾಲ್ಕನೆಯ ಅಧ್ಯಾಯದಲ್ಲಿ ಪ್ರಭು ಯೇಸು ಹೇಳಿದ ಔತಣದ ಸಾಮತಿ ನಮಗೆಲ್ಲ ಗೊತ್ತು. ಅದರಲ್ಲಿ ನಾವು ಅಷ್ಟಾಗಿ ಗಮನಿಸದ ಒಬ್ಬನಿದ್ದಾನೆ. ಅವನೇ ಸೇವಕ. ಅಡುಗೆ ಸಿದ್ಧವಾಗಿತ್ತು, ಬಾಗಿಲು ತೆರೆದಿತ್ತು. ಆದರೂ ಓಣಿಯ ಬಡವರು ತಾವಾಗಿ ಬರಲಿಲ್ಲ. ದೊಡ್ಡ ಮನೆಯ ಊಟ ತಮಗಾಗಿ ಕಾದಿದೆ ಎಂದು ಅವರು ಕನಸಿನಲ್ಲೂ ಎಣಿಸಿದವರಲ್ಲ. ಸೇವಕನೇ ಬೀದಿಗಿಳಿದು ಅವರನ್ನು ಒತ್ತಾಯಿಸಿ ಕರೆತರಬೇಕಾಯಿತು. ಬಾಗಿಲು ತೆರೆದಿದ್ದರೆ ಸಾಲದು, ಕರೆಯುವವರೂ ಬೇಕು.

ಮಕ್ಕಳ ವಿದ್ಯಾಭ್ಯಾಸದ ವಿಷಯದಲ್ಲೂ ಈ ಮಾತು ಎಷ್ಟು ನಿಜ! ಅಮೆರಿಕದಲ್ಲಿ ಲಿಬರಲ್ ಆರ್ಟ್ಸ್ ಕಾಲೇಜುಗಳೆಂಬ ವಿದ್ಯಾಸಂಸ್ಥೆಗಳಿವೆ. ಆರ್ಟ್ಸ್ ಎಂದಾಕ್ಷಣ ನಮ್ಮ ಬಿ.ಎ. ಎಂದುಕೊಳ್ಳಬೇಡಿ. ಗಣಿತ, ವಿಜ್ಞಾನ, ತತ್ತ್ವಶಾಸ್ತ್ರ, ಸಂಗೀತ ಎಲ್ಲವನ್ನೂ ಕಲಿಯಲು ಅವಕಾಶವಿರುವ ನಾಲ್ಕು ವರ್ಷದ ಪದವಿ ಅಲ್ಲಿಯದು. 1793ರ ವಿಲಿಯಮ್ಸ್, 1821ರ ಆಮ್ಹರ್ಸ್ಟ್, 1864ರ ಸ್ವಾರ್ತ್‌ಮೋರ್ ಇವುಗಳಲ್ಲಿ ಹೆಸರಾದವು. ವಿದ್ಯಾರ್ಥಿಗಳು ಎರಡು ಸಾವಿರದ ಆಸುಪಾಸು. ಆದ್ದರಿಂದ ಗುರು ಶಿಷ್ಯರು ಒಬ್ಬರನ್ನೊಬ್ಬರು ಹೆಸರು ಹಿಡಿದು ಬಲ್ಲರು. ನಮ್ಮ ಧರ್ಮಕೇಂದ್ರಗಳ ಯುವಕ ಯುವತಿಯರೂ ಈಗ ಇವುಗಳ ಬಗ್ಗೆ ವಿಚಾರಿಸುವುದುಂಟು.

ತಂದೆ ತಾಯಿ ಇಬ್ಬರೂ ಪದವಿಯ ಮುಖ ಕಾಣದ ಮನೆಯಿಂದ ಮೊದಲ ಬಾರಿಗೆ ಕಾಲೇಜಿಗೆ ಹೊರಡುವ ಮಗುವನ್ನು ಅಲ್ಲಿ ಮೊದಲ ತಲೆಮಾರಿನ ವಿದ್ಯಾರ್ಥಿ ಎನ್ನುತ್ತಾರೆ. ಇಂಥ ಮಗುವಿಗೆ ಇಂಥ ಕಾಲೇಜಿನಲ್ಲಿ ಸ್ಥಳ ಸಿಕ್ಕೀತೇ?

ಮೊದಲು ಕಹಿ ಸತ್ಯವನ್ನೇ ಹೇಳಿಬಿಡೋಣ. ಆಮ್ಹರ್ಸ್ಟ್‌ಗೆ ಅರ್ಜಿ ಹಾಕುವ ಹತ್ತು ಮಂದಿಯಲ್ಲಿ ಸುಮಾರು ಒಂಬತ್ತು ಮಂದಿಗೆ ನಿರಾಕರಣೆಯೇ ಗತಿ. ಅಂಕಗಳೊಂದೇ ಸಾಲದು, ಸ್ವಂತ ಬರಹ, ಉಪಾಧ್ಯಾಯರ ಶಿಫಾರಸು ಪತ್ರ, ತರಗತಿಯ ಹೊರಗೆ ಮಾಡಿದ ಕೆಲಸ, ಇವನ್ನೆಲ್ಲ ತೂಗಿ ನೋಡುತ್ತಾರೆ. ಓದಿದವರ ಮನೆಯಲ್ಲಿ ಈ ದಾರಿಯನ್ನು ತೋರಿಸುವ ಅಪ್ಪ, ಅಕ್ಕ, ಸೋದರಮಾವ ಇರುತ್ತಾರೆ. ಅದೇ ಕಾಲೇಜಿನ ಹಳೆಯ ವಿದ್ಯಾರ್ಥಿಗಳ ಮಕ್ಕಳಿಗೆ ವಿಶೇಷ ಮನ್ನಣೆ ಕೊಡುವ ಪದ್ಧತಿಯೂ ಬಹುಕಾಲದಿಂದ ಇತ್ತು. ಆಮ್ಹರ್ಸ್ಟ್ ಅದನ್ನು ಕೈಬಿಡುವುದಾಗಿ ಘೋಷಿಸಿದ್ದು 2021ರಲ್ಲಷ್ಟೇ.

ಆದರೆ ಇನ್ನೊಂದು ಸತ್ಯವೂ ಇದೆ. ಇಂಥ ಕಾಲೇಜಿನ ಒಂದು ವರ್ಷದ ವೆಚ್ಚ 80,000 ಡಾಲರಿಗೂ ಮೇಲೆ ಎಂದು ಕೇಳಿದ ಕೂಡಲೇ ಬಡ ತಂದೆ ಅರ್ಜಿಯನ್ನು ಮಡಿಸಿಡುತ್ತಾನೆ. ಅದು ಎಲ್ಲರೂ ಕಟ್ಟಬೇಕಾದ ಹಣವಲ್ಲ ಎಂಬುದು ಅವನಿಗೆ ತಿಳಿಯದು. ಆಮ್ಹರ್ಸ್ಟ್‌ನಂಥ ಕಾಲೇಜು ತಾನು ಸೇರಿಸಿಕೊಂಡ ಮಗುವಿನ ಮನೆಯ ವರಮಾನ ನೋಡಿ, ಕೊರತೆ ಬೀಳುವುದನ್ನು ತಾನೇ ತುಂಬಿಕೊಡುತ್ತದೆ. ಹೊರದೇಶದ ಮಗುವಿನ ಬಡತನವನ್ನೂ ಪ್ರವೇಶಕ್ಕೆ ಅಡ್ಡಿಯೆಂದು ಎಣಿಸದ ಕಾಲೇಜುಗಳು ಅಲ್ಲಿ ಕೆಲವೇ ಕೆಲವು, ಆಮ್ಹರ್ಸ್ಟ್ ಅವುಗಳಲ್ಲೊಂದು.

ಹಾಗಾದರೆ ತೊಡಕು ಎಲ್ಲಿದೆ? ಕ್ಯಾರೊಲಿನ್ ಹಾಕ್ಸ್‌ಬಿ ಮತ್ತು ಕ್ರಿಸ್ಟೊಫರ್ ಏವರಿ ಎಂಬ ಅರ್ಥಶಾಸ್ತ್ರಜ್ಞರು 2013ರಲ್ಲಿ ಪ್ರಕಟಿಸಿದ ಅಧ್ಯಯನವೊಂದು ಹೇಳುವ ಪ್ರಕಾರ, ಬಹಳ ಚೆನ್ನಾಗಿ ಓದುವ ಬಡ ಮನೆಯ ಮಕ್ಕಳಲ್ಲಿ ಹೆಚ್ಚಿನವರು ಇಂಥ ಒಂದು ಕಾಲೇಜಿಗೂ ಅರ್ಜಿಯನ್ನೇ ಹಾಕುವುದಿಲ್ಲ. ತಿರಸ್ಕಾರಕ್ಕೆ ಮೊದಲೇ ಅವರು ಹಿಂದೆ ಸರಿದಿರುತ್ತಾರೆ. 2015ರಲ್ಲಿ ಮಿಷಿಗನ್ ವಿಶ್ವವಿದ್ಯಾನಿಲಯವು ತನ್ನ ರಾಜ್ಯದ ಇಂಥ ಮಕ್ಕಳ ಮನೆಗಳಿಗೇ ಪತ್ರ ಕಳುಹಿಸತೊಡಗಿತು. ನಿನಗೆ ಸ್ಥಳ ದೊರೆತರೆ ನಾಲ್ಕು ವರ್ಷ ಬೋಧನಾ ಶುಲ್ಕವಿಲ್ಲ ಎಂಬ ಭರವಸೆ ಆ ಪತ್ರದಲ್ಲಿತ್ತು. ಆ ಸಹಾಯ ಹೊಸದೇನಲ್ಲ. ಪತ್ರ ಬರದಿದ್ದರೂ ಅವರಿಗೆ ದೊರೆಯಬಹುದಾಗಿದ್ದದ್ದೇ. ಆದರೂ ಪತ್ರ ತಲುಪದವರಲ್ಲಿ ನೂರಕ್ಕೆ 26 ಮಂದಿ ಅರ್ಜಿ ಹಾಕಿದರೆ, ತಲುಪಿದವರಲ್ಲಿ 68 ಮಂದಿ ಹಾಕಿದರು. ಹಣ ಅಷ್ಟೇ, ಬುದ್ಧಿಯೂ ಅಷ್ಟೇ. ಹೆಸರು ಹಿಡಿದು ಕರೆದದ್ದೊಂದೇ ವ್ಯತ್ಯಾಸ. ಸಾಮತಿಯ ಸೇವಕ ಮಾಡಿದ್ದೂ ಇದನ್ನೇ ಅಲ್ಲವೇ?

ಧರ್ಮಸಭೆಯಲ್ಲೂ ಅಂಥ ಸೇವಕರೊಬ್ಬರಿದ್ದರು. ಮ್ಯಾಸಚೂಸೆಟ್ಸ್‌ನ ವೂಸ್ಟರ್ ಊರಿನಲ್ಲಿ ಯೇಸುಸಭೆಯವರ ಹೋಲಿ ಕ್ರಾಸ್ ಕಾಲೇಜಿದೆ. ಬಾಸ್ಟನ್ನಿನ ಧರ್ಮಾಧ್ಯಕ್ಷ ಬೆನೆಡಿಕ್ಟ್ ಫೆನ್ವಿಕ್ ಅವರು 1843ರಲ್ಲಿ ಸ್ಥಾಪಿಸಿದ ಸಂಸ್ಥೆಯಿದು. ಐರ್ಲೆಂಡಿನಿಂದ ವಲಸೆ ಬಂದ ಬಡವರ ಎಷ್ಟೋ ಮಕ್ಕಳು ಅಲ್ಲಿ ವಿದ್ಯಾವಂತರಾದರು. 1968ರ ಏಪ್ರಿಲಿನಲ್ಲಿ ಮಾರ್ಟಿನ್ ಲೂಥರ್ ಕಿಂಗ್ ಅವರ ಹತ್ಯೆಯಾದಾಗ ಅಲ್ಲಿ ದೈವಶಾಸ್ತ್ರ ಬೋಧಿಸುತ್ತಿದ್ದ ಫಾದರ್ ಜಾನ್ ಬ್ರೂಕ್ಸ್ ಕೈಕಟ್ಟಿ ಕೂರಲಿಲ್ಲ. ಕಪ್ಪು ವರ್ಣದ ಪ್ರತಿಭಾವಂತ ಹುಡುಗರನ್ನು ಹುಡುಕುತ್ತ ತಾವೇ ಹೊರಟರು. ಆ ವರ್ಷ ಸುಮಾರು ಇಪ್ಪತ್ತು ಮಂದಿ ವಿದ್ಯಾರ್ಥಿವೇತನದೊಂದಿಗೆ ಕಾಲೇಜು ಸೇರಿದರು.

ಅವರಲ್ಲೊಬ್ಬರು ಎಡ್ವರ್ಡ್ ಪಿ. ಜೋನ್ಸ್. ಅವರ ತಾಯಿ ಓದುಬರಹ ಬಾರದವರು. ವಾಷಿಂಗ್ಟನ್ನಿನಲ್ಲಿ ಪಾತ್ರೆ ತೊಳೆದು, ಹೋಟೆಲಿನ ಕೋಣೆಗಳನ್ನು ಒಪ್ಪಮಾಡಿ ಮಕ್ಕಳನ್ನು ಸಾಕಿದರು. ಆ ಮಗ ಮುಂದೆ ಕಾದಂಬರಿಕಾರರಾಗಿ 2004ರಲ್ಲಿ ಪುಲಿಟ್ಜರ್ ಪ್ರಶಸ್ತಿ ಪಡೆದರು. ಮಗಳನ್ನು ಮೊದಲ ದಿನ ಶಾಲೆಗೆ ಸೇರಿಸಲು ಹೋದ ತಾಯಿಯೊಬ್ಬಳು, ಫಾರಂ ತುಂಬಲು ಬಾರದೆ ಇನ್ನೊಬ್ಬ ಹೆಂಗಸಿನ ಸಹಾಯ ಬೇಡುವ ಕಥೆಯೊಂದನ್ನು ಅವರು ಬರೆದಿದ್ದಾರೆ. ಅದನ್ನು ಓದುವಾಗ ನಮ್ಮ ಶಾಲೆಗಳ ಆಫೀಸಿನ ಮುಂದೆ ಸೆರಗು ಹಿಡಿದು ನಿಂತ ತಾಯಂದಿರು ಕಣ್ಣ ಮುಂದೆ ಬರುತ್ತಾರೆ.

ಆದರೆ ಕರೆತಂದು ಬಾಗಿಲಲ್ಲಿ ಬಿಟ್ಟುಬಿಟ್ಟರೆ ಸೇವಕನ ಕೆಲಸ ಮುಗಿಯಿತೇ? 1969ರ ಡಿಸೆಂಬರಿನಲ್ಲಿ ಪ್ರತಿಭಟನೆಯೊಂದರ ಸಂಬಂಧ ಶಿಸ್ತುಕ್ರಮ ಜರುಗಿದಾಗ, ತಮ್ಮವರಿಗೆ ಅನ್ಯಾಯವಾಯಿತೆಂದು ಕಪ್ಪು ವರ್ಣದ ವಿದ್ಯಾರ್ಥಿಗಳು ಕಾಲೇಜನ್ನೇ ಬಿಟ್ಟು ಹೊರನಡೆದರು. ಫಾದರ್ ಬ್ರೂಕ್ಸ್ ಅವರ ಅಹವಾಲು ಕೇಳಿದರು, ಅವರ ಪರವಾಗಿ ಮಾತನಾಡಿದರು. ಶಿಕ್ಷೆ ರದ್ದಾಗಿ ಅವರು ಮರಳಿ ಬಂದರು. ಇನ್ನು ನಮ್ಮ ಕಾಲಕ್ಕೆ ಬಂದರೆ, ಸ್ವತಃ ಮೊದಲ ತಲೆಮಾರಿನ ವಿದ್ಯಾರ್ಥಿಯಾಗಿ ಆಮ್ಹರ್ಸ್ಟ್‌ನಲ್ಲಿ ಓದಿದ ಸಮಾಜಶಾಸ್ತ್ರಜ್ಞ ಆಂಟನಿ ಜ್ಯಾಕ್ 2019ರಲ್ಲಿ ಒಂದು ಪುಸ್ತಕ ಪ್ರಕಟಿಸಿದರು. ಪ್ರಾಧ್ಯಾಪಕರು ವಿದ್ಯಾರ್ಥಿಗಳ ಭೇಟಿಗೆಂದೇ ಮೀಸಲಿಟ್ಟ ಸಮಯದಲ್ಲಿ ಹೋಗಿ ಸಂಶಯ ಕೇಳಬಹುದೆಂಬುದೂ ಅನೇಕ ಬಡ ಮಕ್ಕಳಿಗೆ ತಿಳಿದಿರುವುದಿಲ್ಲ ಎಂದು ಅದರಲ್ಲಿ ತೋರಿಸಿದ್ದಾರೆ. ಊಟದ ಮನೆಯೊಳಗೆ ಬಂದವನಿಗೆ ಎಲೆ ಯಾವುದೆಂದು ತೋರಿಸುವವರೂ ಬೇಕು.

ಪ್ರಿಯರೇ, ಅಮೆರಿಕದ ಮಾತು ಹಾಗಿರಲಿ. ನಮ್ಮ ಧರ್ಮಕೇಂದ್ರದಲ್ಲಿ ಮನೆಗೆಲಸದವರ, ಗಾರೆ ಕೆಲಸದವರ, ತೋಟದ ಆಳುಗಳ ಮಕ್ಕಳಿಲ್ಲವೇ? ಅವರಲ್ಲಿ ಒಂದು ಮಗುವಿನ ಹೆಸರು, ಅದು ಓದುತ್ತಿರುವ ತರಗತಿ ನಿಮಗೆ ಗೊತ್ತೇ? ನೀವು ಪದವೀಧರರಾಗಿದ್ದರೆ, ಬ್ಯಾಂಕಿನಲ್ಲೋ ಶಾಲೆಯಲ್ಲೋ ಕೆಲಸದಲ್ಲಿದ್ದರೆ, ಒಂದು ಭಾನುವಾರ ಬಲಿಪೂಜೆಯ ನಂತರ ಆ ಮಗುವಿನ ಜೊತೆ ಕುಳಿತು ಒಂದು ಅರ್ಜಿ ತುಂಬಿಸಿಕೊಡಿ. ಅದಕ್ಕೆ ನಿಧಿ ಸಂಗ್ರಹ ಬೇಡ, ಸಮಿತಿಯೂ ಬೇಡ.

ಓದದ ತಂದೆ ತಾಯಂದಿರೇ, ನಮಗೇನು ಗೊತ್ತು ಎಂದು ಹಿಂಜರಿಯಬೇಡಿ. ನಿಮ್ಮ ಬೆವರೇ ಆ ಮಗುವಿನ ಮೊದಲ ಪಾಠ. ಮಕ್ಕಳೇ, ನಾಳೆ ನೀವು ಎಷ್ಟೇ ಎತ್ತರಕ್ಕೇರಿದರೂ ಹೆಬ್ಬೆಟ್ಟು ಒತ್ತುವ ತಾಯಿಯನ್ನು ಗೆಳೆಯರ ಮುಂದೆ ಮರೆಮಾಡಬೇಡಿ. ತಂದೆ ತಾಯಿಯನ್ನು ಗೌರವಿಸಬೇಕೆಂಬ ದೇವರ ಕಟ್ಟಳೆ ಪದವಿ ಬಂದ ಮೇಲೆ ರದ್ದಾಗುವುದಿಲ್ಲ.

ಕೊನೆಯದಾಗಿ ಒಂದು ಮಾತು. ಸಾಮತಿಯ ಮನೆಯಲ್ಲಿ ಬಡವರೆಲ್ಲ ಬಂದ ಮೇಲೂ ಇನ್ನೂ ಸ್ಥಳವಿತ್ತು. ಕಾಲೇಜಿನಲ್ಲಿ ಹಾಗಲ್ಲ, ಹತ್ತರಲ್ಲಿ ಒಂಬತ್ತು ಮಂದಿ ಹಿಂದಿರುಗಲೇಬೇಕು. ಅರ್ಜಿ ಹಾಕಿ ಸೋತ ಮಗು ಬರಿಗೈಯಲ್ಲಿ ಮನೆಗೆ ಬಂದಾಗ ಏನು ಹೇಳುತ್ತೀರಿ? ದುಡ್ಡು ದಂಡವಾಯಿತೆನ್ನುತ್ತೀರಾ? ಪಕ್ಕದ ಮನೆಯವರ ಮಗನನ್ನು ತೋರಿಸುತ್ತೀರಾ? ಆ ನಿರಾಕರಣೆಯ ಪತ್ರ ಒಂದು ಕಾಲೇಜಿನ ತೀರ್ಮಾನವೇ ಹೊರತು ದೇವರ ತೀರ್ಪಲ್ಲ. ಸ್ಥಳ ಮುಗಿಯದ ಔತಣವೊಂದೇ, ಅದು ಪರಮಪಿತನದು. ಆ ಮೇಜಿನ ಅನುಭವ ಮಗುವಿಗೆ ಮೊದಲು ನಮ್ಮ ಮನೆಯ ಊಟದಲ್ಲೇ ದೊರೆಯಲಿ. ಬೀದಿಗಿಳಿದು ಕರೆಯುವ ಸೇವಕನ ಮನಸ್ಸನ್ನು ಪ್ರಭು ನಮಗೆಲ್ಲರಿಗೂ ದಯಪಾಲಿಸಲಿ.